ಏನೂ ಅರಿಯದ ಎಡಗೆನ್ನೆ

ಕಡ್ಡಿಯ ತುದಿಯಲ್ಲಿ ಹತ್ತಿ, ಇಷ್ಟೇ ಇಷ್ಟು, ಕಿವಿಗೆ ಹಾಕುವಂಥದ್ದು, ಇದರಲ್ಲಿ ಕೆನ್ನೆಯ ಒಳಗೋಡೆ ಕೆರೆದರೆ ಸಕ್ಕರೆ ಕಾಯಿಲೆಯ ಸುಳಿವು ಸಿಗುತ್ತದಂತೆ, ಇನ್ನೂ ಪ್ರಯೋಗವಂತೆ, ಆಮೇಲೆ ರಕ್ತಾನೂ ಕೊಡ್ಬೇಕಾಗಬಹುದು ಅಂದಳು ನರ್ಸ್, ಅದು ಆಮೇಲಿನ ಮಾತು, ಸೂಜಿ ಕಂಡರೆ ಜೀವ ಬಾಯಿಗೆ ಬರುವವನಿಗೆ ಈಗ ಸೂಜಿ ಇಲ್ಲ ಅಂದರೆ ಸಾಕು — ಎಡಗೆನ್ನೆ ಕೊಡುತ್ತೇನೆ, ಪಾಪ, ಏನೂ ಅರಿಯದ್ದು, ಮೂವತ್ತು ವರ್ಷದಿಂದ ಬೇಕರಿಯಲ್ಲಿ ಪಾಕದ ಹದ, ಕ್ರೀಮಿನ ರುಚಿ, ನೋಡಿದ್ದೆಲ್ಲ ಬಲಗೆನ್ನೆಯಲ್ಲೇ, ಒಂದು ಚಮಚ ಬಲಕ್ಕೆ ಒತ್ತರಿಸಿ ಕಣ್ಣು ಮುಚ್ಚಿ ಹತ್ತು ಎಣಿಸಬೇಕು, ಅಪ್ಪ ಕಲಿಸಿದ್ದು, ರುಚಿಗೆ ಒಂದೇ ಕೆನ್ನೆ ಕಣೋ, ಇನ್ನೊಂದು ಶುದ್ಧವಾಗಿರ್ಲಿ, ಅಪ್ಪ, ಬೇಕರಿಯ ಹಿಂಬಾಗಿಲಲ್ಲಿ ಅವನ ಒಂಟಿ ಚಪ್ಪಲಿ — ಬೇಡ, ಅದು ಈಗ ಬೇಡ — ಕಾಯಿಲೆ ಅಂತ ಬಂದರೆ ಹೆಂಡತಿ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಬ್ರೆಡ್ ಕತ್ತರಿಸಲು ಕೂರಿಸುತ್ತಾಳೆ, ನನ್ನ ಚಮಚ ಭಾಮೈದನ ಕೈಗೆ ಹೋಗುತ್ತದೆ, ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ತಿಳಿಯದವನು, ಮೀಸೆ ಮಾತ್ರ ದೊಡ್ಡದು, ಆ ಚಮಚ ಬಿಟ್ಟರೆ ನಾನು ಯಾರು, ಹೆಂಡತಿ ಪಕ್ಕದಲ್ಲೇ ಕೂತು ಮೂರನೇ ಸಲ ಕೇಳುತ್ತಾಳೆ, ರೀ, ಬೆಳಗಿಂದ ಏನೂ ತಿಂದಿಲ್ಲ ತಾನೇ, ಇಲ್ಲ ಕಣೇ, ತಿಂದಿಲ್ಲ, ರುಚಿ ನೋಡಿದ್ದು, ಈಗ ಬರುವ ಮುಂಚೆ, ಒಂದೇ ಚಮಚ, ಬಲಕ್ಕೆ, ಅದು ತಿಂದ ಹಾಗಾಯಿತೇ — ಬಾಯಿ ತೆಗೀರಿ ಅಂದಳು ನರ್ಸ್, ಎಡಗಡೆ ತಗೊಳ್ಳಮ್ಮ, ಬಲಗಡೆ ಹಲ್ಲು ನೋವು, ಯಾವ್ ಕಡೆಯಾದ್ರೂ ಒಂದೇ ಯಜಮಾನ್ರೇ, ಎರಡು ಕೆನ್ನೆಗೂ ಓಡೋದು ನಿಮ್ದೇ ರಕ್ತ ತಾನೇ, ಅಯ್ಯೋ, ಇದು ಯಾಕೆ ಹೊಳೆಯಲಿಲ್ಲ, ಮೂವತ್ತು ವರ್ಷ ಒಂದು ಕೆನ್ನೆಯನ್ನು ಮಡಿಯಲ್ಲಿಟ್ಟು ಸಾಕಿದೆನಲ್ಲ, ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಾಳೆ, ಹಲ್ಲು ನೋವು ಯಾವಾಗಿಂದ ರೀ, ಅಪ್ಪನೂ ಹೀಗೇ ಬುರುಡೆ ಬಿಡುತ್ತಿದ್ದ, ಕಾಲಿನ ಹುಣ್ಣಿಗೆ ಚಪ್ಪಲಿ ಕಚ್ಚಿದ್ದು ಕಣೋ, ಏನಿಲ್ಲ ಅನ್ನುತ್ತಿದ್ದ, ಏನಿಲ್ಲ ಏನಿಲ್ಲ ಅನ್ನುತ್ತಲೇ ಬಲಗಾಲನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದ, ನನಗೆ ಭಯವಾಗುತ್ತಿದೆ, ತಿಂದಿದೀನಮ್ಮ ಅಂದುಬಿಟ್ಟೆ, ಒಂದು ಚಮಚ ಪಾಕ, ಹಲ್ಲು ನೋವೂ ಇಲ್ಲ, ಹೆಂಡತಿಯ ನಗು ನಿಂತಿತು, ಸರಿ, ಬಾಯಿ ಮುಕ್ಕಳಿಸಿ ಬನ್ನಿ, ಸ್ವಲ್ಪ ಹೊತ್ತು ಬಿಟ್ಟು ತಗೋತೀನಿ, ಎರಡು ಕಡೇನೂ, ನಲ್ಲಿ ಹೊರಗಿದೆ, ಎದ್ದೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ, ನನ್ನದು ಹುಡುಕಿದೆ, ಒಂದು ಸಿಕ್ಕಿತು, ಇನ್ನೊಂದನ್ನು ಯಾರೋ ಬೆಂಚಿನಡಿ ತಳ್ಳಿರಬೇಕು, ಇಲ್ಲೇ ಎಲ್ಲೋ ಇರುತ್ತದೆ, ಇರುತ್ತದೆ, ಬಗ್ಗಿ ನೋಡಿದರೆ ಆಯಿತು, ಬಗ್ಗಲಾಗುತ್ತಿಲ್ಲ, ಒಂಟಿ ಚಪ್ಪಲಿ, ಎಡಗಾಲಿನದು