ಜವರಪ್ಪನವರು ತೂಕ ನೋಡಿ ತಂದ ಕಂಪ್ಯೂಟರು

ಧರ್ಮಪುರಿ ಕಡೆಯ ಮಾರಂಡಹಳ್ಳಿ ಸುತ್ತಮುತ್ತ ಕರೆಂಟು ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾರರು. ಮಿಕ್ಸಿಗೆ ಚಟ್ನಿ ಹಾಕಿದಾಗಲೇ ಹೋಗುತ್ತದೆ. ಇದು ನಿಮಗೂ ಗೊತ್ತು, ನಮಗೂ ಗೊತ್ತು. ಕುರಿ ಸಾಕುವ ಜವರಪ್ಪನವರಿಗೂ ಗೊತ್ತಿತ್ತು. ಗೊತ್ತಿದ್ದೂ ಅವರು ಮಾಡಿದ ಕೆಲಸ ಕೇಳಿ.

ಅವರ ಸೊಸೆ ಮೀನಾ ಸೀರೆ ನೇಯುವ ಊರು ಎಡಪ್ಪಾಡಿಯ ಹುಡುಗಿ. ಕಂಪ್ಯೂಟರಿನಲ್ಲಿ ಸೀರೆಯ ಅಂಚಿಗೆ ಡಿಸೈನ್ ಬರೆಯುವುದು ಅವಳ ಕಸುಬು. ಮದುವೆ, ಬಾಣಂತನ ಎಂದು ಮೂರು ವರ್ಷ ಆ ಕೆಲಸ ನಿಂತಿತ್ತು. ಈಗ ಎಡಪ್ಪಾಡಿಯಿಂದ ಮಗ್ಗದ ಯಜಮಾನರು ಫೋನ್ ಮಾಡಿದರು. "ದೀಪಾವಳಿ ಸೀರೆಗೆ ಡಿಸೈನ್ ಬೇಕಮ್ಮ. ಮನೇಲಿ ಕಂಪ್ಯೂಟರ್ ಇದ್ರೆ ಅಲ್ಲಿಂದಾನೇ ಕಳ್ಸು. ಇಲ್ಲಾಂದ್ರೆ ಇಲ್ಲಿಗೇ ಬಂದ್ಬಿಡು."

ಎಡಪ್ಪಾಡಿಗೆ ಹೋದರೆ ಮೀನಾ ತವರಿನಲ್ಲೇ ಉಳಿಯಬೇಕು. ಜೊತೆಗೆ ಒಂದೂವರೆ ವರ್ಷದ ಮೊಮ್ಮಗಳೂ ಹೋಗುತ್ತಾಳೆ. ಆ ಮಗುವಿಲ್ಲದ ಮನೆ ಜವರಪ್ಪನವರಿಗೆ ಕನಸಿನಲ್ಲೂ ಬೇಡ.

"ನೀನೆಲ್ಲೂ ಓಗ್ಬೇಡ ಕಣಮ್ಮ. ನಾನು ತತ್ತೀನಿ ಕಂಪ್ಯೂಟರ್‌ನ" ಎಂದು ಹೆಗಲಿಗೆ ಟವಲು ಹಾಕಿಕೊಂಡು ಧರ್ಮಪುರಿ ಬಸ್ ಹತ್ತಿದರು. ಯಾರನ್ನೂ ಒಂದು ಮಾತು ಕೇಳಲಿಲ್ಲ. ನಲವತ್ತು ವರ್ಷ ಸಂತೆಯಲ್ಲಿ ಕುರಿ ಕೊಂಡವರಿಗೆ ಕಂಪ್ಯೂಟರು ಯಾವ ಲೆಕ್ಕ!

ಹಳೆಯ ಕಂಪ್ಯೂಟರು ಮಾರುವ ಅಂಗಡಿಯಲ್ಲಿ, ಟಗರಿನ ತೂಕ ನೋಡುವ ಹಾಗೆ ಒಂದೊಂದನ್ನೂ ಎತ್ತಿ ನೋಡಿದರು. ಲ್ಯಾಪ್‌ಟಾಪನ್ನು ಎತ್ತಿ, "ಇದೇನಪ್ಪಾ ಇಷ್ಟು ಬಡಕಲು!" ಎಂದು ಕೆಳಗಿಟ್ಟರು. ಎಲ್ಲಕ್ಕಿಂತ ಭಾರವಾದ ಪೆಟ್ಟಿಗೆ, ದಪ್ಪ ಮಾನಿಟರು ಅವರ ಮನಸ್ಸಿಗೆ ಬಂದವು. ಕುರಿ ಸಂತೆಯ ಹಾಗೆ ಕೈ ಮೇಲೆ ಟವಲು ಮುಚ್ಚಿ, ಅದರಡಿ ಬೆರಳು ಹಿಡಿದು ಬೆಲೆ ಮಾತಾಡಿದರು. ಅಂಗಡಿಯವನೂ ಇದೇ ಸೀಮೆಯವನು. ನಗುತ್ತಲೇ ಬೆರಳು ಕೊಟ್ಟ. ಟವಲಿನಡಿ ಆದ ವ್ಯಾಪಾರ ಎಂದರೆ ಕೊಟ್ಟ ಮಾತು. ಆಮೇಲೆ ಮಾಲು ವಾಪಸ್ಸು ಕೊಡುವವನಿಗೆ ಸಂತೆಯಲ್ಲಿ ಮರ್ಯಾದೆ ಇಲ್ಲ.

ಮೊದಲ ದಿನ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಎರಡನೇ ದಿನ ಕರೆಂಟು ಹೋಯಿತು. ಮನೆಯಲ್ಲಿದ್ದ ಸಣ್ಣ ಇನ್ವರ್ಟರು ಕೀಂ ಕೀಂ ಎಂದು ಕಿರುಚಿ ಆಫ್ ಆಯಿತು. ಮೀನಾ ಬೆಳಗಿನಿಂದ ಬರೆದ ನವಿಲಿನ ಅಂಚು ಅದರ ಜೊತೆಗೇ ಹೋಯಿತು. ವಾರದಲ್ಲಿ ನಾಲ್ಕು ಸಲ ಹೀಗಾಯಿತು. ನಾಲ್ಕನೇ ಸಲ ಅವಳು ಅಟ್ಟದಿಂದ ಬ್ಯಾಗು ಇಳಿಸಿ ಮಗುವಿನ ಬಟ್ಟೆ ಮಡಿಸತೊಡಗಿದಳು. ಜವರಪ್ಪನವರಿಗೆ ಅನ್ನ ಸೇರಲಿಲ್ಲ.

"ಏನ್ ಮಾಲು ತಂದ್ರೋ! ಅದನ್ನ ಹಾಕಿದ್ರೆ ಫ್ಯಾನೂ ನನ್ ತರ ಕುಂಟ್ತೈತೆ" ಎಂದರು ಮಂಡಿನೋವಿನಿಂದ ಕುಂಟುವ ಅವರ ಹೆಂಡತಿ ಸಣ್ಣಕ್ಕ.

ಮಾರನೆಯ ದಿನ ಮೀನಾಳ ಗೆಳತಿ ಭುವನಾ ಬಂದಳು. ಧರ್ಮಪುರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವಳು. ಯಾವುದು ಎಷ್ಟು ಕರೆಂಟು ಎಳೆಯುತ್ತದೆ ಎಂದು ತೋರಿಸುವ ಪುಟ್ಟ ಮೀಟರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಕಂಪ್ಯೂಟರನ್ನು ಅದಕ್ಕೆ ಹಾಕಿದಳು.

"ಮಾವ, ನೋಡಿ. ನೂರೆಂಬತ್ತು ವಾಟ್ ಎಳೀತೈತೆ." ಅದೇ ಮೀಟರಿಗೆ ತನ್ನ ಲ್ಯಾಪ್‌ಟಾಪ್ ಹಾಕಿದಳು. "ಇದು ಮೂವತ್ತೈದು."

"ಅಪ್ಪಡಿಯಾ? ಅಂಗಾ?" ಜವರಪ್ಪ ಬಗ್ಗಿ ನೋಡಿದರು. "ಸರಿ, ದೊಡ್ಡದು ಜಾಸ್ತಿ ತಿಂತೈತೆ. ಕೆಲಸಾನೂ ಜಾಸ್ತಿ ಮಾಡ್ತೈತೆ ತಾನೆ?"

"ಇಲ್ಲ ಮಾವ. ಮೀನಾ ಕೆಲಸಾನ ಎರಡೂ ಒಂದೇ ತರ ಮಾಡ್ತಾವೆ. ನೀವು ಎತ್ತಿ ನೋಡಿದ್ದು ಬರೀ ತಗಡಿನ ತೂಕ. ಇದನ್ನ ಮುಟ್ಟಿ ನೋಡಿ, ಎಂಗೆ ಕಾದೈತೆ! ತಿಂದಿದ್ದೆಲ್ಲ ಬಿಸಿಯಾಗೇ ಓಯ್ತು. ಲ್ಯಾಪ್‌ಟಾಪ್ ಒಳಗೇ ಬ್ಯಾಟರಿ ಐತೆ. ಬ್ಯಾಟರಿ ಚೆನ್ನಾಗಿದ್ರೆ ಕರೆಂಟ್ ಓದ್ರೂ ಎರಡು ಮೂರು ಗಂಟೆ ಬರೀಬಹುದು."

ಜವರಪ್ಪ ಪೆಟ್ಟಿಗೆ ಮುಟ್ಟಿ ಥಟ್ಟನೆ ಕೈ ತೆಗೆದರು. ಭುವನಾ ಮೆಲ್ಲಗೆ ಕೇಳಿದಳು. "ಸಂತೇಲಿ ಒಬ್ಬ ಭಾರಿ ಟಗರು ತೋರ್ಸಿ, ದಿನಾ ಮೂಟೆ ಹಿಂಡಿ ಹಾಕ್ಬೇಕು ಅಂದ್ರೆ ತಕೊಂತೀರಾ?"

"ಯಾವೋನ್ ತಕೊಂತಾನೆ! ನಮ್ ಒಣ ನೆಲಕ್ಕೆ, ಇದ್ದಷ್ಟು ಮೇದು ಮೈ ಹಿಡಿಯೋ ಮರಿ ಬೇಕು."

"ಮತ್ತೆ ಇದನ್ನ ತರುವಾಗ ಯಾಕ್ ಕೇಳ್ಲಿಲ್ಲ?"

ಸಣ್ಣಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಜವರಪ್ಪ ನಗಲಿಲ್ಲ. "ಕೇಳ್ಬೇಕಿತ್ತು, ಕೇಳ್ಲಿಲ್ಲ. ಆದ್ರೆ ಬೆರಳು ಕೊಟ್ಬಿಟ್ಟಿದೀನಲ್ಲಮ್ಮ. ನಲವತ್ತು ವರ್ಷದಾಗೆ ಒಂದು ಮರೀನೂ ನಾನು ವಾಪಸ್ ಒಡ್ಕಂಡ್ ಓಗಿಲ್ಲ."

ಒಳಗಿನಿಂದ ಮೊಮ್ಮಗಳು ತಪ್ಪುಹೆಜ್ಜೆ ಇಡುತ್ತಾ ಬಂದು ತಾತನ ಮೊಣಕಾಲು ಹಿಡಿದುಕೊಂಡಳು. ಜವರಪ್ಪ ಅವಳನ್ನು ಎತ್ತಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಆ ಬ್ಯಾಗ್‌ನ ಮೇಲಿಡಮ್ಮ. ಮರ್ಯಾದೆ ಓದ್ರೆ ಓಗ್ಲಿ, ನೀವಿಬ್ರೂ ಓಗ್ಬೇಡಿ. ಭುವನಾ, ನಡಿ."

ಅದೇ ಅಂಗಡಿಯಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಅವರು ಸುತ್ತಿ ಬಳಸಿ ಮಾತಾಡಲಿಲ್ಲ. "ನಿನ್ ತಪ್ಪಿಲ್ಲಪ್ಪ, ನಂದು. ನಮ್ ಮನೆ ಕರೆಂಟಿಗೆ ಇದು ಒಗ್ಗಲ್ಲ" ಎಂದರು. ಅಂಗಡಿಯವನು ಒಳ್ಳೆಯವನು. ಸ್ವಲ್ಪ ಹಣ ಹಿಡಿದುಕೊಂಡು, ರಿಪೇರಿ ಮಾಡಿ ಸರಿಪಡಿಸಿದ ಲ್ಯಾಪ್‌ಟಾಪೊಂದನ್ನು ಕೊಟ್ಟ. ಈ ಸಲ ಜವರಪ್ಪ ಎತ್ತಿ ನೋಡಲಿಲ್ಲ. ಮೀಟರಿಗೆ ಹಾಕಿಸಿ ನೋಡಿದರು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕೆಟ್ಟರೆ ಬದಲಾಯಿಸಬಹುದಾ ಎಂದೂ ಕೇಳಿದರು.

ದೀಪಾವಳಿಗೆ ಮುಂಚೆ ಮೀನಾ ಹನ್ನೊಂದು ಅಂಚು ಬರೆದು ಕಳಿಸಿದಳು. ಕರೆಂಟು ಈಗಲೂ ಹೋಗುತ್ತದೆ. ಹೋದಾಗ ಜವರಪ್ಪ ಜಗುಲಿಯಿಂದಲೇ ಕೂಗುತ್ತಾರೆ, "ಬರೀತಾ ಇದೀಯೇನಮ್ಮಾ?" ಒಳಗಿನಿಂದ ಮೀನಾ, "ಬರೀತಾ ಇದೀನಿ ಮಾವ" ಎನ್ನುತ್ತಾಳೆ. ಅಷ್ಟು ಕೇಳಿದರೆ ಅವರಿಗೆ ಸಮಾಧಾನ.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳ ಓದಿಗೋ ಮನೆಯ ಕೆಲಸಕ್ಕೋ ನೀವೂ ಕಂಪ್ಯೂಟರು ಕೊಳ್ಳುವವರೇ. ದೊಡ್ಡದು ಎಂದು ಮರುಳಾಗಬೇಡಿ. ನಿಮ್ಮ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ತನ್ನಿ. ಹೊಸದಾದರೆ ಫ್ರಿಜ್ಜಿನ ಮೇಲಿರುವಂಥ ಸ್ಟಾರ್ ಚೀಟಿ ಇದೆಯೇ ನೋಡಿ, ಹಳೆಯದಾದರೆ ಮೀಟರಿಗೆ ಹಾಕಿಸಿ ನೋಡಿ. ಕೆಲಸ ಮುಗಿದ ಮೇಲೆ ಸ್ವಿಚ್ಚು ಆರಿಸಿ. ಕೆಟ್ಟುಹೋದದ್ದನ್ನು ಹೊಲದಲ್ಲಿ ಎಸೆಯಬೇಡಿ, ತಂತಿಗಾಗಿ ಸುಡಬೇಡಿ. ಆ ವಿಷ ಮೇಯುವ ಕುರಿಗೂ ಕುಡಿಯುವ ನೀರಿಗೂ ಸೇರುತ್ತದೆ. ಇ-ವೇಸ್ಟ್ ತೆಗೆದುಕೊಳ್ಳುವವರಿಗೇ ಕೊಡಿ. ಅಂಗಡಿಯಲ್ಲಿ "ಇದು ಎಷ್ಟು ವಾಟ್?" ಎಂದು ಬಾಯಿಬಿಟ್ಟು ಕೇಳಿ. ಯಾರಾದರೂ ನಕ್ಕರೆ ನಗಲಿ. ಕರೆಂಟು ಬಿಲ್ಲು ಕಟ್ಟುವವರು ಅವರಲ್ಲ, ನೀವು.