ಮೊರ್ದೆಕೈ ಹೇಳಬೇಕಾದ ಮಾತು

"ಈ ಸಲ ನಾನು ಹಾಮಾನ್ ಆಗಲ್ಲ," ಎಂದು ಎರ್ವಿನ್ ಲುಸ್ತಿಗ್ ಮೂರು ಮೂಲೆಯ ಟೋಪಿಯನ್ನು ಮೇಜಿನ ಮೇಲಿಟ್ಟ.

ಗುರುವಾರ ಸಂಜೆಯ ಆ ಸಭೆಯಲ್ಲಿ ಒಂಬತ್ತು ಜನರಿದ್ದರು. ಯಾರೂ ತಲೆಯೆತ್ತಲಿಲ್ಲ. ಗಿಜೆಲ್ಲಾ ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರನ್ನು ಆಗಲೇ ಬರೆದಾಗಿತ್ತು. ಪೂರಿಮ್ ಹಬ್ಬಕ್ಕೆ ಇನ್ನು ಐದೇ ವಾರ. ಸುಬೊತಿತ್ಸಾ ಪಟ್ಟಣದ ಯೆಹೂದಿ ಸಮುದಾಯ ಭವನದಲ್ಲಿ ಗಿಜೆಲ್ಲಾಳ ಓಡಾಟದಿಂದ ವರ್ಷವಿಡೀ ಏನಾದರೊಂದು ನಡೆಯುತ್ತಲೇ ಇತ್ತು. ಬುಧವಾರ ಇಸ್ಪೀಟು, ತಿಂಗಳಿಗೊಂದು ಉಪನ್ಯಾಸ, ಬೇಸಿಗೆಯಲ್ಲಿ ಸರೋವರದ ದಂಡೆಗೆ ಒಂದು ಪ್ರವಾಸ. ಯಾವುದಕ್ಕೂ ಇಪ್ಪತ್ತು ಜನ ಸೇರುತ್ತಿರಲಿಲ್ಲ. ಪೂರಿಮ್ ನಾಟಕಕ್ಕೆ ಮಾತ್ರ ಸಭಾಂಗಣ ತುಂಬುತ್ತಿತ್ತು. ತಮ್ಮ ಜನರನ್ನೆಲ್ಲ ಒಂದೇ ದಿನ ಕೊಲ್ಲಿಸಲು ಹೊರಟ ಹಾಮಾನ್ ಮಂತ್ರಿಯ ಹೆಸರು ಕೇಳಿದಾಗಲೆಲ್ಲ ಮರದ ಗಿಲಕಿ ತಿರುಗಿಸಿ, ಕಾಲು ಬಡಿದು, ಬಾಯಿಗೆ ಬಂದದ್ದು ಬೈಯಲು ವರ್ಷಕ್ಕೆ ಅದೊಂದೇ ದಿನ. ಇಪ್ಪತ್ತೆರಡು ವರ್ಷಗಳಿಂದ ಆ ಬೈಗುಳ ತಿನ್ನುತ್ತಿದ್ದವನು ಎರ್ವಿನ್.

"ಯಾಕೋ, ಸೊಂಟ ನೋವಾ?" ಗಿಜೆಲ್ಲಾ ಕೇಳಿದಳು.

"ಸೊಂಟ ಚೆನ್ನಾಗೇ ಇದೆ. ಬೈಸ್ಕೊಂಡು ಸಾಕಾಯ್ತು. ಅದೂ ಯಾರ ಹತ್ರ? ನಾನು ಮಾಡಿಕೊಟ್ಟ ಹಲ್ಲಿನ ಸೆಟ್ ಹಾಕ್ಕೊಂಡು ನನಗೇ ಬೈತೀರಿ."

ಎಲ್ಲರೂ ನಕ್ಕರು. ಹಲ್ಲಿನ ಸೆಟ್ ತಯಾರಿಸುವ ಕೆಲಸದಲ್ಲಿ ಎರ್ವಿನ್ ನಲವತ್ತು ವರ್ಷ ಕಳೆದಿದ್ದ. ಆ ಮೇಜಿನ ಸುತ್ತ ನಕ್ಕವರಲ್ಲಿ ಐದು ಜನರ ನಗು ಅವನದೇ ಕೈಕೆಲಸ.

"ಮತ್ತೆ ಯಾವ ಪಾತ್ರ ಬೇಕಪ್ಪಾ ನಿನಗೆ? ಅರಸನದಾ?"

"ಮೊರ್ದೆಕೈ."

ನಗು ನಿಂತಿತು. ಹಾಮಾನನಿಗೆ ತಲೆಬಾಗದೆ ನಿಂತ ಆ ಮೊರ್ದೆಕೈಯ ಪಾತ್ರ ಹನ್ನೊಂದು ವರ್ಷಗಳಿಂದ ಸಮುದಾಯದ ಅಧ್ಯಕ್ಷ ಡಾಕ್ಟರ್ ಶಾಂದೋರ್ ಹಲಾಸ್ ಅವರದು.

"ಅದನ್ನ ನಾನು ಮಾಡ್ತಾ ಇದ್ದೀನಲ್ಲಪ್ಪ," ಎಂದರು ಡಾಕ್ಟರು.

"ಎಲ್ಲಿ ಮಾಡ್ತೀರಿ ಡಾಕ್ಟ್ರೇ, ನೋಡ್ಕೊಂಡು ಓದ್ತೀರಿ. ಹೋದ ವರ್ಷ ಎರಡು ಹಾಳೆ ಒಟ್ಟಿಗೆ ಮಗುಚಿ, ಅರಸನ ಜೊತೆ ಎಸ್ತೇರಳ ಮದುವೇನೇ ಹಾರಿಸಿಬಿಟ್ರಿ."

ಡಾಕ್ಟರ ಕಿವಿ ಕೆಂಪಾಯಿತು. "ವಿಷಯ ಅದಲ್ಲ. ಜನ ಏನಾದ್ರೂ ಅಂದ್ಕೋತಾರೆ."

"ಏನಂತ?"

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಉತ್ತರ ಬಂದದ್ದು ಮೇಜಿನ ಕೊನೆಯಿಂದ. ಎಂಬತ್ತೊಂಬತ್ತು ವರ್ಷದ ಇಲ್ಕಾ ಅಜ್ಜಿಗೆ ಕಿವಿ ಮಂದ. ಹಾಗಾಗಿ ಪಕ್ಕದವಳ ಹತ್ತಿರ ಗುಟ್ಟಾಗಿ ಕೇಳಿದ್ದೂ ಇಡೀ ಕೋಣೆಗೆ ಕೇಳಿಸಿತು. "ಅವನಮ್ಮ ಇಗರ್ಜಿಗೆ ಹೋಗೋಳಲ್ವಾ? ಅವನು ಮೊರ್ದೆಕೈ ಹೇಗಾಗ್ತಾನೆ?"

ಅಜ್ಜಿಯ ಮಾತಿನಲ್ಲಿ ಕೆಡುಕಿರಲಿಲ್ಲ. ಎರ್ವಿನ್‌ಗೆ ಅದೇ ಹೆಚ್ಚು ಉರಿಯಿತು. ಅವನ ಅಪ್ಪ ಯೆಹೂದಿ. ಯುದ್ಧಕಾಲದ ಸಾವಿನ ಶಿಬಿರದಿಂದ ಮನೆಯವರಲ್ಲಿ ಒಬ್ಬನೇ ಬದುಕಿ ಬಂದು, ಪಕ್ಕದ ಬೀದಿಯ ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾಗಿದ್ದ. ಆದರೆ ಯೆಹೂದಿ ಯಾರು ಅನ್ನುವುದಕ್ಕೆ ಈ ಜನದಲ್ಲಿ ಲೆಕ್ಕಕ್ಕೆ ಬರುವುದು ತಾಯಿ. ಎರ್ವಿನ್‌ಗೆ ಸದಸ್ಯತ್ವದ ಕಾರ್ಡಿತ್ತು, ಇಸ್ಪೀಟಿನ ಮೇಜಿನಲ್ಲಿ ಕುರ್ಚಿಯಿತ್ತು. ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರನ್ನು ಎಣಿಸುವಾಗ ಮಾತ್ರ ಬೆರಳು ಅವನನ್ನು ದಾಟಿ ಹೋಗುತ್ತಿತ್ತು. ಒಂಬತ್ತೇ ಆದ ದಿನ ಅವನನ್ನು ಎದುರಿಗೆ ಕೂರಿಸಿಕೊಂಡೇ ಹತ್ತನೆಯವನಿಗಾಗಿ ಬಾಗಿಲು ನೋಡುತ್ತಿದ್ದರು.

"ಹಾಮಾನ್ ಆಗೋಕೆ ಅಮ್ಮ ಯಾರಾದ್ರೂ ಆಗುತ್ತೆ, ಅಲ್ವಾ ಡಾಕ್ಟ್ರೇ?" ಎಂದು ಹೇಳಿ ಎರ್ವಿನ್ ಕೋಟು ತೆಗೆದುಕೊಂಡು ಹೊರಟುಹೋದ.

ಮುಂದಿನ ಗುರುವಾರ ಸಂಜೆ ಐದೂವರೆಗೆ ಅವನು ಬೂಟು ಹಾಕಿಕೊಂಡು, ನೆನಪಾಗಿ, ಬಿಚ್ಚಿದ. ಅದರ ಮುಂದಿನ ಗುರುವಾರವೂ ಹಾಗೇ ಆಯಿತು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅದು ಭವನದವರಿಗೂ ಗೊತ್ತಿದೆ ಎಂಬುದು ನೆನಪಾದಾಗ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ರೇಡಿಯೋದಲ್ಲಿ ಹವಾಮಾನ ವರದಿ ಓದುವವಳಿಗೂ ಬೈದ.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಗಿಜೆಲ್ಲಾ ಮನೆಗೇ ಬಂದಳು. ನಿಂತೇ ಮಾತಾಡಿದಳು.

"ನಿನ್ನ ಪಾತ್ರಾನ ಔಷಧಿ ಅಂಗಡಿ ಗಾಬೋರ್‌ಗೆ ಕೊಟ್ಟಿದ್ದೆ. ಕೊಲ್ಲಿ ಅನ್ನೋ ರಾಜಾಜ್ಞೇನ ಊಟದ ನಂತರ ಎರಡು ಮಾತ್ರೆ ಅನ್ನೋ ಹಾಗೆ ಓದ್ತಾನೆ. ನಿನ್ನೆ ಅವನ ಹೆಂಡತಿ ಫೋನ್ ಮಾಡಿ, ನನ್ನ ಗಂಡನ್ನ ಎಲ್ಲರೂ ಬೈಯೋದು ನನಗೆ ಆಗಲ್ಲ ಅಂದ್ಲು."

"ನನ್ನ ಹೆಂಡತಿ ಹತ್ತು ವರ್ಷ ಮುಂದಿನ ಸಾಲಲ್ಲಿ ಕೂತು ನೋಡಿದ್ಲು."

"ಗೊತ್ತು ಕಣೋ."

"ಮೊರ್ದೆಕೈ?"

"ಡಾಕ್ಟ್ರು ಬಿಡಲ್ಲ. ಎರಡು ಸಲ ಕೇಳಿದೆ. ನೀನು ಅವರನ್ನ ಹಾಳೆ ಮಾತೆತ್ತಿ ಕೆಣಕಿದೀಯ, ಈಗ ಬಾಯಿಪಾಠ ಮಾಡ್ತಾ ಕೂತಿದ್ದಾರೆ." ಅವಳು ಕೈಚೀಲದ ಹಿಡಿಯನ್ನು ತಿರುಚಿದಳು. "ನಾನು ಬೇಡ್ಕೊಳ್ಳಲ್ಲ ಎರ್ವಿನ್. ಬರ್ತೀಯೋ ಇಲ್ವೋ ಅಷ್ಟು ಹೇಳು."

"ಬರಲ್ಲ."

ಭಾನುವಾರ ಮಧ್ಯಾಹ್ನ ಮೂರಕ್ಕೆ ಹೋದ. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಗಿಜೆಲ್ಲಾ ಏನನ್ನೂ ಕೇಳದೆ ಸುಟ್ಟ ಬಿರಡೆಯಿಂದ ಅವನಿಗೆ ಮೀಸೆ ಬರೆದಳು.

ಸಭಾಂಗಣದಲ್ಲಿ ತೊಂಬತ್ತಕ್ಕೂ ಹೆಚ್ಚು ಜನ. ಅವನು ವೇದಿಕೆಗೆ ಕಾಲಿಟ್ಟದ್ದೇ ಗಿಲಕಿಗಳು ಕಟಕಟ ಎಂದವು, ನೆಲ ನಡುಗಿತು. ಎರ್ವಿನ್ ಎದೆಯುಬ್ಬಿಸಿ ನಡೆದ. ಕಾವಲುಗಾರರು ಬಗ್ಗಿದರು, ದಾಸಿಯರು ಬಗ್ಗಿದರು. ನಡುವೆ ಡಾಕ್ಟರು ನಿಂತಿದ್ದರು. ಕೈಯಲ್ಲಿ ಹಾಳೆಯಿರಲಿಲ್ಲ.

"ಎಲ್ಲರೂ ಬಗ್ಗಿದ್ದಾರೆ," ಎರ್ವಿನ್ ಗುಡುಗಿದ. "ನೀನೊಬ್ಬ ಯಾಕೆ ಬಗ್ಗುವುದಿಲ್ಲ?"

ಡಾಕ್ಟರು ಬಾಯಿ ತೆರೆದರು. ಮಾತು ಬರಲಿಲ್ಲ. ಗಿಲಕಿಗಳು ಒಂದೊಂದಾಗಿ ನಿಂತವು. ಪರದೆಯ ಹಿಂದಿನಿಂದ ಗಿಜೆಲ್ಲಾ ಪಿಸುಗುಟ್ಟಿದಳು, ಡಾಕ್ಟರಿಗೆ ಕೇಳಿಸಲಿಲ್ಲ. ಆ ಮುದುಕನ ಕಣ್ಣುಗಳು ಸಹಾಯಕ್ಕಾಗಿ ಎರ್ವಿನ್‌ನತ್ತ ತಿರುಗಿದವು.

ಎರ್ವಿನ್ ಅವರನ್ನು ಹಾಗೇ ಬಿಡಬಹುದಿತ್ತು. ಅವನು ಒಂದು ಹೆಜ್ಜೆ ಹತ್ತಿರ ಹೋಗಿ ಮಾತು ನೆನಪಿಸಿಕೊಟ್ಟ. ಪಿಸುಗುಟ್ಟಬೇಕೆಂದೇ ಬಾಯಿ ತೆರೆದಿದ್ದ, ಆದರೆ ದನಿ ಇಳಿಯಲಿಲ್ಲ.

"ನಾನು ಯೆಹೂದಿ."

ಕೊನೆಯ ಸಾಲಿನವರೆಗೂ ಕೇಳಿಸಿತು. ಎಲ್ಲೋ ಒಂದು ಕುರ್ಚಿ ಕಿರ್ರೆಂದಿತು. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಡಾಕ್ಟರು ಅವನನ್ನೇ ನೋಡಿದರು, ಆಮೇಲೆ ಪಾಠ ಒಪ್ಪಿಸುವ ಹಾಗೆ ಹೇಳಿದರು, "ನಾನು... ನಾನು ಯೆಹೂದಿ. ಅದಕ್ಕೆ ಬಗ್ಗುವುದಿಲ್ಲ." ಹಿಂದಿನಿಂದ ಒಂದು ಗಿಲಕಿ ಅನುಮಾನಿಸುತ್ತ ಶುರುವಾಯಿತು. ಉಳಿದವೂ ಸೇರಿಕೊಂಡವು. ನಾಟಕ ಮುಂದೆ ಸಾಗಿತು. ಹಾಮಾನನನ್ನು ಗಲ್ಲಿಗೇರಿಸಿದರು.

ಮೇಜುಗಳನ್ನು ಜೋಡಿಸಿ, ಗಸಗಸೆ ಮತ್ತು ಅಕ್ರೋಟು ತುಂಬಿದ ತಿಂಡಿಗಳ ತಟ್ಟೆ ತಂದಿಟ್ಟರು. ಎಲ್ಲರೂ ಎರ್ವಿನ್‌ನ ಬೆನ್ನು ತಟ್ಟಿದರು. ಇಷ್ಟು ಚೆನ್ನಾಗಿ ಯಾವ ವರ್ಷವೂ ಆಗಿರಲಿಲ್ಲ ಎಂದರು. ಇಲ್ಕಾ ಅಜ್ಜಿ ಅವನ ತೋಳು ಹಿಡಿದು, "ನಿನ್ನನ್ನ ಕಂಡ್ರೆ ಮೈ ಉರಿಯುತ್ತೆ ಕಣೋ," ಎಂದು ಮನಸಾರೆ ಹೊಗಳಿದಳು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ವೇದಿಕೆಯ ಮೇಲೆ ಅವನಾಡಿದ ಆ ಮಾತಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಡಾಕ್ಟರು ತಟ್ಟೆ ಹಿಡಿದು ಹತ್ತಿರ ಬಂದರು. "ಸದ್ಯ, ನನ್ನ ಮಾತು ನಿನಗೆ ಗೊತ್ತಿತ್ತು."

"ಇಪ್ಪತ್ತೆರಡು ವರ್ಷದಿಂದ ಗೊತ್ತು ಡಾಕ್ಟ್ರೇ."

ಡಾಕ್ಟರು ಒಂದು ತುಂಡು ಬಾಯಿಗಿಟ್ಟುಕೊಂಡು ತುಂಬ ಹೊತ್ತು ಅಗಿದರು. ಏನೋ ಹೇಳಲಿದ್ದಾರೆ ಅನ್ನಿಸಿತು. "ಮುಂದಿನ ವರ್ಷ ಹಾಳೆ ಕೈಯಲ್ಲೇ ಇಟ್ಕೋತೀನಿ," ಎಂದರು.

ಎರ್ವಿನ್ ಅಂಗಳಕ್ಕೆ ಹೋದ. ಗೋಡೆಯ ಬದಿಯಲ್ಲಿ, ಗಿಡಗಳಿಗೆ ನೀರು ಹಾಕುವ ನಲ್ಲಿಯಿತ್ತು. ಮಾರ್ಚ್ ತಿಂಗಳ ನೀರು ಬೆರಳು ಸೆಟೆಯುವಷ್ಟು ತಣ್ಣಗಿತ್ತು. ಅವನು ಬಗ್ಗಿ ಮುಖಕ್ಕೆ ಎರಚಿಕೊಂಡ. ಬಿರಡೆಯ ಮಸಿ ಕರಗಿ ಗಲ್ಲದಿಂದ ತೊಟ್ಟಿಕ್ಕಿ ಇಟ್ಟಿಗೆಗಳ ಸಂದಿಯಲ್ಲಿ ಹರಿಯಿತು. ಒಳಗೆ ಯಾರೋ ಪಿಯಾನೋ ತೆರೆದರು. ಇಟ್ಟಿಗೆಯ ಮೇಲಿನ ನೀರು ತಿಳಿಯಾಯಿತು. ಅವನು ಇನ್ನೂ ಬೊಗಸೆಯೊಡ್ಡಿ ಮುಖ ತೊಳೆಯುತ್ತಲೇ ಇದ್ದ.