ತಟ್ಟೆ ಅಲ್ಲ, ಲೋಟ

ಗೇಟು ಕಿರ್ ಅಂತು, ಬಂದಳೇನೋ, ಇಲ್ಲ, ಪಕ್ಕದ ಮನೆಯದು, ನಾಲ್ಕು ಗಂಟೆಯ ಟ್ಯೂಷನ್‌ಗೆ ಉಳಿದ ಆರೂ ಮಕ್ಕಳು ಬಂದು ಕೂತಾಯ್ತು, ಬರದವಳು ಅದೇ ಎರಡು ಜಡೆಯವಳು, ಇವತ್ತಿಗೆ ಮೂರು ದಿನ — ಟೀಚರಮ್ಮನ ಕೆಂಪು ಪೆನ್ನು ಇನ್ಯಾರದೋ ಸಾಲಿನ ಮೇಲೆ ನಿಂತೇಬಿಟ್ಟಿತು. ಅಮ್ಮನ ಬಗ್ಗೆ ಹತ್ತು ಸಾಲು ಬರೆದು ತನ್ನಿ ಅಂದಿದ್ದಳು, ಎಲ್ಲರ ಅಮ್ಮಂದಿರೂ ಗೈಡಿನಿಂದ ಎದ್ದು ಬಂದವರೇ, ಎಲ್ಲರೂ ಬೆಳಿಗ್ಗೆ ಐದಕ್ಕೇ ಏಳುವವರು, ಕರುಣಾಮಯಿಗಳು, ಆ ಹುಡುಗಿಯ ಅಮ್ಮ ಮಾತ್ರ ಸ್ಟೋರ್‌ರೂಮಿನಲ್ಲಿದ್ದಳು, ಹೊರಗಿನಿಂದ ಚಿಲಕ, ಅಪ್ಪ ಆಫೀಸಿಗೆ ಹೋದಮೇಲೆ ಮಗಳು ತಟ್ಟೆಯಲ್ಲಿ ನೀರು ಹಾಕಿ ಬಾಗಿಲ ಕೆಳಗೆ ತಳ್ಳುತ್ತಾಳೆ — ಅದನ್ನು ಓದಿ ತಾನು ಮಾಡಿದ್ದೇನು, ಅಯ್ಯೋ ನನ್ನ ಬುದ್ಧಿಗಿಷ್ಟು, ನೀರನ್ನ ತಟ್ಟೇಲಿ ಯಾರೇ ಕುಡೀತಾರೆ ಅಂತ ನಕ್ಕಳು, ಮಕ್ಕಳೂ ಕಿಸಕ್ಕನೆ ನಕ್ಕವು, ತಟ್ಟೆ ಹೊಡೆದು ಹಾಕಿ ಲೋಟ ಅಂತ ಬರೆದಳು, ಕೆಳಗೆ ಕಲ್ಪನೆ ಚೆನ್ನಾಗಿದೆ, ಹತ್ತಕ್ಕೆ ಎಂಟು. ಲೋಟ ತೂರಲ್ಲ ಮಿಸ್, ಅಂದಿತ್ತಲ್ಲ ಆ ಮಗು, ಮೆಲ್ಲಗೆ, ಎದುರು ಮಾತಾಡ್ಬೇಡ, ತಿದ್ದಿ ನೀಟಾಗಿ ಬರ್ಕೊಂಡು ಬಾ. ಇಪ್ಪತ್ತು ವರ್ಷ ಪಾಠ ಹೇಳಿದ ಕಣ್ಣಿಗೆ ತಪ್ಪು ಮಾತ್ರ ಕಾಣುತ್ತೆ. ಅವಳಮ್ಮ ದಿನಾ ಗೇಟಿನ ಹತ್ತಿರ ನಿಂತು ಕರ್ಕೊಂಡು ಹೋಗ್ತಿದ್ದವಳು, ಎಷ್ಟು ದಿನವಾಯ್ತು ಕಂಡು, ಕೇಳಿದರೆ ಹುಷಾರಿಲ್ಲ ಮಿಸ್. ನಿನ್ನೆ ಫೋನ್ ಮಾಡಿದರೆ ಆ ಅಪ್ಪ, ಎಷ್ಟು ಮರ್ಯಾದೆಯ ಮಾತು, ಮಗಳಿಗೆ ಜ್ವರ ಟೀಚರ್, ಅವಳಮ್ಮ ತವರಿಗೆ ಹೋಗಿದ್ದಾಳೆ. ಯಾವುದು ನಿಜ, ಹುಷಾರಿಲ್ಲವೋ, ತವರೋ, ಚಿಲಕವೋ. ಊರ ಉಸಾಬರಿ ನಿನಗ್ಯಾಕೆ ಅಂದರು ಇವರು, ಪೇಪರಿನಿಂದ ತಲೆ ಎತ್ತದೆ, ಸುಳ್ಳಾದರೆ ನಾಳೆಯಿಂದ ಒಂದು ಮಗುವೂ ಬರಲ್ಲ ನೋಡು, ಹೌದು, ಬರಲ್ಲ, ನಿಜವಾದರೆ — ತಟ್ಟೆ, ತೆಳ್ಳಗಿನ ತಟ್ಟೆ, ನೀರು ತುಳುಕದ ಹಾಗೆ ನೆಲದ ಮೇಲೆ ಜಾರಿಸುವ ಪುಟ್ಟ ಕೈ — ಓದ್ಕೊಳ್ತಿರಿ, ಈಗ ಬಂದೆ, ಚಪ್ಪಲಿ ಎಲ್ಲಿ ಹಾಳಾಗಿ ಹೋಯಿತು, ಇರಲಿ, ಎರಡೇ ಬೀದಿ.

ಹೋಗಿ ಏನಂತ ಕೇಳೋದು, ನಿಮ್ಮ ಹೆಂಡತಿಯನ್ನ ಕೂಡಿ ಹಾಕಿದ್ದೀರಾ ಅಂತಲೇ, ಬೆಲ್ ಒತ್ತಿಯೇಬಿಟ್ಟಳು, ಬಾಗಿಲು ಅರ್ಧ ತೆರೆಯಿತು, ಅಪ್ಪನೇ, ಆಫೀಸಿಗೆ ಹೋಗಿಲ್ಲ, ಇಸ್ತ್ರಿ ಮಾಡಿದ ಶರ್ಟು, ನಗುಮುಖ, ಅಯ್ಯೋ ಟೀಚರ್, ನೀವ್ಯಾಕೆ ಬರೋಕೆ ಹೋದ್ರಿ, ಫೋನ್ ಮಾಡಿದ್ರೆ ಆಗ್ತಿತ್ತು, ಅವನ ಹಿಂದೆ ಹುಡುಗಿ, ಜ್ವರವಿಲ್ಲ ಏನಿಲ್ಲ, ನೋಟ್‌ಬುಕ್ಕನ್ನು ಎದೆಗವಚಿಕೊಂಡು ನಿಂತಿದೆ, ತಿದ್ದಿದ್ದೀನಿ ಮಿಸ್, ಎಲ್ಲಾ ತಿದ್ದಿದ್ದೀನಿ, ಅವನು ಮಾತಾಡುತ್ತಲೇ ಇದ್ದಾನೆ, ತವರು, ಮುಂದಿನ ವಾರ ಬರ್ತಾಳೆ, ನೀರು ಕುಡೀತೀರಾ ಟೀಚರ್, ಟೀಚರಮ್ಮನಿಗೆ ಒಂದೂ ಕೇಳಿಸುತ್ತಿಲ್ಲ, ಹುಡುಗಿಯ ಕಾಲ ಬಳಿ, ಮುಚ್ಚಿದ ಬಾಗಿಲ ಕೆಳಗಿನಿಂದ, ತಟ್ಟೆ, ಖಾಲಿ ತಟ್ಟೆ, ಒಳಗಿನ ಎರಡು ಬೆರಳು ಅದನ್ನು ಇನ್ನಷ್ಟು ಹೊರಗೆ ತಳ್ಳುತ್ತಿವೆ